ಗೋಡೆಗೇರಿದ ಕೌದಿ

ಮನೆಗೆ ಬಂದವರು ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅವರ ಕಣ್ಣು ಗೋಡೆಯ ಮೇಲೆ ಒಂದು ಸುತ್ತು ಹಾಕಿ ಬಂದಿರುತ್ತದೆ. ಹೆಂಗಸರಾದರೆ ಕೇಳಿಯೂ ಬಿಡುತ್ತಾರೆ: “ಇದನ್ನ ಎಲ್ಲಿ ತಂದ್ರಿ?” ಈ ಪ್ರಶ್ನೆಗೆ “ಎಲ್ಲೂ ತಂದಿಲ್ಲರೀ, ನಾನೇ ಮಾಡಿದ್ದು” ಎಂದು ಹೇಳುವಾಗ ಆಗುವ ಸುಖ ಇದೆಯಲ್ಲ, ಅದು ಬಂಗಾರದ ಬಳೆ ತೋರಿಸುವಾಗಲೂ ಆಗುವುದಿಲ್ಲ. ಬಳೆಯನ್ನು ದುಡ್ಡಿದ್ದವರು ಯಾರಾದರೂ ತರಬಹುದು. ಕೈಯಿಂದ ಮಾಡಿದ್ದರಲ್ಲಿ ನಮ್ಮ ಮಧ್ಯಾಹ್ನಗಳಿವೆ, ನಮ್ಮ ಬೆರಳಿವೆ, ನಮಗೂ ಏನೋ ಬರುತ್ತದೆ ಎಂಬ ಸಾಕ್ಷಿ ಇದೆ.

ನನ್ನ ತಲೆಮಾರಿನ ಹೆಣ್ಣುಮಕ್ಕಳಿಗೆ ಈ ಹುಚ್ಚು ಸ್ವಲ್ಪ ಹೆಚ್ಚೇ ಇತ್ತು. ಪ್ಲಾಸ್ಟಿಕ್ ವಯರಿನ ಬುಟ್ಟಿ ಹೆಣೆಯದ ಹುಡುಗಿ ನಮ್ಮ ಓಣಿಯಲ್ಲಿ ಇರಲಿಲ್ಲ. ಒಡೆದ ಗಾಜಿನ ಬಳೆಯ ಚೂರುಗಳನ್ನು ಮೇಣದ ಬತ್ತಿಯ ಉರಿಗೆ ಹಿಡಿದು, ಮೆತ್ತಗಾದೊಡನೆ ಬಗ್ಗಿಸಿ ಒಂದರೊಳಗೊಂದು ಕೊಂಡಿ ಹಾಕಿ, ಬಾಗಿಲಿಗೆ ಪರದೆ ಕಟ್ಟುತ್ತಿದ್ದೆವು. ಬೆರಳು ಸುಟ್ಟುಕೊಂಡರೆ ಬಾಯಲ್ಲಿಟ್ಟುಕೊಂಡು ಮುಂದಿನ ಚೂರಿಗೆ ಕೈ ಹಾಕುವುದು. ಮಣಿ ತೋರಣ, ಉಲ್ಲನ್ ಗೊಂಬೆ, ಅಡ್ಡ ಹೊಲಿಗೆಯ ಗಿಳಿ, ಅದರ ಕೆಳಗೆ “ಸುಸ್ವಾಗತ”. ಮದುವೆಗೆ ಬಂದ ಗಂಡಿನ ಕಡೆಯವರ ಮುಂದೆ ಇವನ್ನೆಲ್ಲ ಹರವಿ “ಎಲ್ಲಾ ನಮ್ಮ ಹುಡುಗೀನೇ ಮಾಡ್ಯಾಳ” ಎನ್ನುತ್ತಿದ್ದರು. ಅವುಗಳಲ್ಲಿ ಅರ್ಧ ಅತ್ತಿಗೆಯದೋ ಪಕ್ಕದ ಮನೆಯ ಗೆಳತಿಯದೋ ಆಗಿರುತ್ತಿತ್ತು. ಅದನ್ನು ಯಾರೂ ಸುಳ್ಳು ಎಂದುಕೊಳ್ಳುತ್ತಿರಲಿಲ್ಲ.

ನಾನು ಈಗ ಹೇಳಲು ಹೊರಟಿರುವುದು ಅಂಥದೇ ಒಂದು ಸುಳ್ಳಿನ ಸಂಗತಿ. ಸಣ್ಣ ಸುಳ್ಳೋ ದೊಡ್ಡದೋ, ಓದಿದ ಮೇಲೆ ನೀವೇ ತೀರ್ಮಾನಿಸಿ.

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಿಂದ ನನ್ನ ಪಾಲಿಗೆ ಬಂದದ್ದು ಒಂದು ಕೌದಿ. ನಮ್ಮ ಸೀಮೆಯವರಿಗೆ ಕೌದಿ ಎಂದರೆ ಏನೆಂದು ಹೇಳಬೇಕಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡು, ಮಕ್ಕಳ ಲಂಗ, ಹೀಗೆ ಉಟ್ಟು ಸವೆದದ್ದನ್ನೆಲ್ಲ ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಗೆ ಸುತ್ತು ಹೊಲಿಗೆ ಹಾಕುತ್ತ ನಡುವಿಗೆ ಬಂದು ಮುಗಿಸುವ ಹೊದಿಕೆ. ಬೇಸಿಗೆಯಲ್ಲಿ ಹಾಸಿಗೆ, ಚಳಿಗಾಲದಲ್ಲಿ ಹೊದಿಕೆ, ಬಾಣಂತಿಗೆ ಬೆಚ್ಚಗೆ, ನೆಂಟರು ಬಂದರೆ ಕೂರಲು ಹಾಸುಗೆ. ಈ ಕೌದಿ ತುಸು ಬೇರೆ. ಕುಸುಬಿ ಹೂವಿನ ಬಣ್ಣದ ಪತ್ತಲದ ತುಂಡು, ಅಪ್ಪನ ಬಿಳಿ ಧೋತರ, ಹಸಿರು ಇಳಕಲ್ ಸೆರಗಿನ ಒಂದು ಪಟ್ಟಿ, ಎಲ್ಲ ತ್ರಿಕೋನ ಚೌಕಗಳಾಗಿ ಕೂಡಿದ್ದವು. ನೋಡಿದವರಿಗೆ ಇದನ್ನು ಯಾವುದೋ ಪ್ರದರ್ಶನದಿಂದ ತಂದಿರಬೇಕು ಎನ್ನಿಸಬೇಕು, ಹಾಗಿತ್ತು.

ಬಳ್ಳಾರಿಯಲ್ಲಿ ನಾವು ಸ್ವಂತ ಮನೆ ಕಟ್ಟಿಕೊಂಡು ಹಜಾರಕ್ಕೆ ಬಣ್ಣ ಹೊಡೆಸಿದಾಗ ಎದುರಿನ ಉದ್ದ ಗೋಡೆ ಬೋಳಾಗಿ ಕಂಡಿತು. ಕೌದಿಯ ನೆನಪಾಯಿತು. ತಣ್ಣೀರಿನಲ್ಲಿ ಅಂಟುವಾಳ ಹಾಕಿ ಮೆಲ್ಲಗೆ ಒಗೆದು ನೆರಳಿನಲ್ಲಿ ಒಣಗಿಸಿದೆ. ಹಿಂಬದಿಯ ಮೇಲಂಚಿಗೆ ನಾಲ್ಕು ಬೆರಳಗಲದ ಬಟ್ಟೆಯ ಕೊಳವೆ ಹೊಲಿದು, ಅದರಲ್ಲಿ ಬಿದಿರಿನ ಗಳ ತೂರಿಸಿ ಎರಡು ಮೊಳೆಗೆ ಕೂರಿಸಿದೆ. ನೇರವಾಗಿ ಕೌದಿಗೇ ಮೊಳೆ ಹೊಡೆದರೆ ಭಾರಕ್ಕೆ ಬಟ್ಟೆ ಹರಿಯುತ್ತದೆ, ಕೊಳವೆ ಹೊಲಿದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಬಿಸಿಲು ನೇರ ಬೀಳುವ ಗೋಡೆಯಾದರೆ ಬಣ್ಣ ಹಾರುತ್ತದೆ, ಆದ್ದರಿಂದ ಕಿಟಕಿಯ ಮಗ್ಗುಲಿನ ಗೋಡೆ ಒಳ್ಳೆಯದು. ಹೀಗೆ ಮಾಡಲು ಬಯಸುವವರಿಗಾಗಿ ಇಷ್ಟು ಬರೆದಿದ್ದೇನೆ.

ಕೌದಿ ಗೋಡೆಗೆ ಏರಿದ್ದೇ ತಡ, ಮನೆಗೆ ಒಂದು ಘನತೆ ಬಂದಂತಾಯಿತು. ಬಂದವರೆಲ್ಲ ಅದರ ಮುಂದೆ ನಿಲ್ಲುವವರೇ. “ನಮ್ಮ ಅವ್ವ ಕೈಯಾರೆ ಹೊಲಿದದ್ದು” ಎಂದು ನಾನು ಹೇಳುತ್ತಿದ್ದೆ. ಕೆಳಗಿನ ಎಡ ಮೂಲೆಯಲ್ಲಿ ಹೊಲಿಗೆ ಒತ್ತಾಗಿರದೆ ಒಂದೊಂದು ಗೆಣ್ಣಿನಷ್ಟು ದೂರ ದೂರ ಇತ್ತು. ಅದನ್ನೂ ಬೆರಳಿಟ್ಟು ತೋರಿಸಿ, “ನೋಡ್ರಿ, ಇಲ್ಲಿ ಬೇಕಂತಲೇ ಹೊಲಿಗೆ ಬಿಡಿ ಬಿಡಿ ಮಾಡ್ಯಾಳ. ಹರಿಯೋ ನೀರಿನ ಹಾಂಗ ಕಾಣ್ತದ” ಎನ್ನುತ್ತಿದ್ದೆ. ಮೇಷ್ಟ್ರಗಿತ್ತಿಯ ಬಾಯಿ. ಯಾವುದಕ್ಕಾದರೂ ಒಂದು ಅರ್ಥ ಹೇಳದಿದ್ದರೆ ಪಾಠ ಮುಗಿದಂತೆ ಅನ್ನಿಸುವುದಿಲ್ಲ.

ಕಳೆದ ಮಾಗಿ ಚಳಿಯಲ್ಲಿ ಕುರುಗೋಡಿನಿಂದ ನನ್ನ ದೊಡ್ಡವ್ವ ಬಂದಳು. ಕುರುಗೋಡು ಈಗ ತಾಲ್ಲೂಕು ಕೇಂದ್ರ. ನಮಗೆ ಮಾತ್ರ ಅದು ಇಂದಿಗೂ ದೊಡ್ಡಬಸವೇಶ್ವರನ ಊರು, ಆ ಕಲ್ಲುಬೆಟ್ಟದ ಊರು, ಅವ್ವನ ತವರು. ದೊಡ್ಡವ್ವನಿಗೆ ಎಂಬತ್ತು ದಾಟಿದೆ, ಕಣ್ಣು ಚುರುಕಾಗಿದೆ. ಸೋಫಾದ ಮೇಲೆ ಕಾಲು ಮಡಚಿ ಕುಳಿತು ಗೋಡೆಯನ್ನು ಬಹಳ ಹೊತ್ತು ನೋಡಿದಳು. ನಾನು ಹೊಗಳಿಕೆಗೆ ಕಾದೆ.

“ಯವ್ವಾ, ಕೌದಿ ಯಾಕ ಅಲ್ಲಿ ತೂಗು ಹಾಕೀದಿ? ಗ್ವಾಡಿಗೇನು ಚಳಿ ಆಕ್ಕತೇನು?”

ನಾನು ನಕ್ಕೆ. ಅವ್ವನ ನೆನಪಿಗೆ, ಅವಳ ಕೈಕೆಲಸ ಎಲ್ಲರೂ ನೋಡಲಿ ಎಂದು ಹಾಕಿದ್ದೇನೆ ಎಂದೆ.

“ನಿಮ್ಮವ್ವ ಎಲ್ಲಿ ಹೊಲದಾಳ ಇದನ್ನ? ಅಕೀಗೆ ಸೂಜಿ ಹಿಡಿಯಾಕ ಬ್ಯಾಸರ. ಅರಿವಿ ಕೊಟ್ಟಾಕಿ ಅಕಿ. ಹೊಲದಾಕಿ ಬ್ಯಾರೆ.”

ಆಮೇಲೆ ತುಂಡು ತುಂಡಾಗಿ ಕಥೆ ಹೊರಬಂತು. ನಾನು ಹುಟ್ಟುವ ಮುಂಚೆ, ಎಂದರೆ 1969ರ ಸುಮಾರಿಗೆ, ಅವ್ವನ ಬಾಣಂತನಕ್ಕೆಂದು ಕೌದಿ ಬೇಕಾಗಿತ್ತು. ಹಗರಿ ಹೊಳೆಯ ಆಚೆ ದಂಡೆಯಿಂದ ಒಬ್ಬ ಹೆಣ್ಣುಮಗಳು ಸುಗ್ಗಿ ಮುಗಿದ ಮೇಲೆ ಊರೂರಿಗೆ ಬಂದು ಕೌದಿ ಹೊಲಿದು ಕೊಡುತ್ತಿದ್ದಳಂತೆ. ನಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಕುಳಿತು ತಿಂಗಳ ಮೇಲೆ ಹೊಲಿದಳು. ಕೂಲಿ ಕಾಳಿನ ಲೆಕ್ಕ: ಇಷ್ಟು ಸೇರು ಜೋಳ, ಮೇಲೊಂದು ಹಳೆ ಸೀರೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನೂ ಅವಳೇ ಕೂಡಿಸಿದ್ದು.

“ಕಡೀಕ ಅಕಿ ಕೂಸಿಗೆ ಜ್ವರ ಬಂತು. ಲಗೂನ ಮುಗಿಸಿ ಹೋಗಬೇಕಂತ ಆ ಮೂಲಿ ಹೊಲಿಗಿ ದೂರ ದೂರ ಹಾಕಿದ್ಲು. ಅದಕ್ಕ ನಿಮ್ಮವ್ವ ಅರ್ಧ ಸೇರು ಜೋಳ ಹಿಡದಳು.”

ಆ ಹೆಣ್ಣುಮಗಳ ಹೆಸರೇನು ಎಂದು ಕೇಳಿದೆ. ದೊಡ್ಡವ್ವ ಯೋಚಿಸಿದಳು. “ಕೌದ್ಯಾಕಿ ಅಂತಿದ್ವಿ. ಹೆಸರು ಯಾರು ಕೇಳ್ತಾರ?” ಎಂದು, ತುಸು ಹೊತ್ತು ಬಿಟ್ಟು, “ಕೇಳಬೇಕಾಗಿತ್ತು ನೋಡು” ಎಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವ್ವನ ಮೇಲೆ ಸಿಟ್ಟು ಬಂತೆಂದು ಹೇಳಲಾರೆ. ಅವಳು ಒಳ್ಳೆಯವಳು, ಬೇಡಿ ಬಂದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ. ಆದರೆ ಬೇಡಿ ಬಂದವರಿಗೆ ಧಾರಾಳವಾಗಿ ಕೊಡುವ ಕೈ, ದುಡಿದು ನಿಂತವರಿಗೆ ಕೊಡುವಾಗ ಮಾತ್ರ ಬಿಗಿಯಾಗುತ್ತದೆ. ಇದು ಅವ್ವನೊಬ್ಬಳ ಗುಣವಲ್ಲ, ನಮ್ಮೆಲ್ಲರದು. ದಾನ ಕೊಟ್ಟರೆ ನಾವು ದೊಡ್ಡವರಾಗುತ್ತೇವೆ, ಕೂಲಿ ಕೊಟ್ಟರೆ ಬರೀ ಸರಿಸಮ ಆಗುತ್ತೇವೆ. ಅದಕ್ಕೇ ಇರಬೇಕು.

ನನ್ನನ್ನು ಚುಚ್ಚಿದ್ದು ಆ ಮೂಲೆ. ಜ್ವರ ಬಂದ ಕೂಸಿನ ತಾಯಿಯ ಅವಸರವನ್ನು ನಾನು ಹತ್ತು ಜನರ ಮುಂದೆ “ಹರಿಯುವ ನೀರು” ಎಂದು ವರ್ಣಿಸಿದ್ದೆ. ಅವಳಿಗೆ ಅರ್ಧ ಸೇರು ಜೋಳ ಕಡಿಮೆಯಾದ ಜಾಗ ನನಗೆ ಹೊಗಳಿಕೆ ತರುವ ಜಾಗವಾಗಿತ್ತು.

ಇಲ್ಲಿಗೆ ಒಂದು ಪ್ರಶ್ನೆ ಏಳುತ್ತದೆ. ಮನೆಯನ್ನು ಅಂದಗಾಣಿಸುವುದೇ ಒಂದು ತೋರಿಕೆಯೇ? ಹೊಟ್ಟೆಗೆ ಬಟ್ಟೆಗೆ ಆದ ಮೇಲೆ ಉಳಿದದ್ದೆಲ್ಲ ಶೋಕಿಯೇ? ನಮ್ಮ ಹಿರಿಯರಲ್ಲಿ ಹೀಗೆನ್ನುವವರಿದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ. ಬಳ್ಳಾರಿಯ ಮಗ್ಗುಲಲ್ಲೇ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿವೆ. ಲೋಹ ಕಾಣದ ಕಾಲದ ದನಗಾಹಿಗಳು ಅಲ್ಲಿ ಬದುಕಿದ್ದರು. ದಕ್ಷಿಣದ ನವಶಿಲಾಯುಗವೆಂದರೆ ಕ್ರಿಸ್ತಪೂರ್ವ 3000ದಿಂದ 1200ರವರೆಗಿನ ಕಾಲ. ಕಲ್ಲಿನ ಕೊಡಲಿ ಮಾಡುವುದು, ದನ ಸಾಕುವುದು, ಇಷ್ಟೇ ಬದುಕು. ಅವರು ಸುಟ್ಟ ಸಗಣಿಯ ರಾಶಿಗಳೇ ಇಂದು ಬೂದಿದಿಬ್ಬಗಳಾಗಿ ನಿಂತಿವೆ. ಅಷ್ಟು ಕಷ್ಟದ ಬದುಕಿನಲ್ಲೂ ಆ ಜನ ಕಪ್ಪಗಲ್ಲಿನ ಕರಿಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಉದ್ದ ಕೊಂಬಿನ ಹೋರಿಗಳನ್ನು ಮೂಡಿಸಿದ್ದಾರೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 19ನೇ ಶತಮಾನದಲ್ಲಿ ಈ ಗುಡ್ಡಗಳನ್ನು ಲೋಕಕ್ಕೆ ಪರಿಚಯಿಸಿದ. ಹಾಲು ಕೊಡದ, ನೇಗಿಲು ಎಳೆಯದ ಆ ಕಲ್ಲಿನ ಹೋರಿಯಿಂದ ಅವರಿಗೆ ಏನು ಲಾಭವಿತ್ತೋ ಯಾರು ಬಲ್ಲರು? ಆದರೂ ಮಾಡಿದರು. ಅಂದ ಎನ್ನುವುದು ಅಗತ್ಯ ಮುಗಿದ ಮೇಲೆ ಶುರುವಾಗುವುದಲ್ಲ, ಅಗತ್ಯದ ಜೊತೆಗೇ ಹುಟ್ಟಿದ್ದು.

ನಮ್ಮ ಮಣ್ಣಿನ ಮನೆಗಳೂ ಅದನ್ನೇ ಹೇಳುತ್ತಿದ್ದವು. ಸಗಣಿಯಿಂದ ನೆಲ ಸಾರಿಸಿ, ಅಂಚಿಗೆ ಕೆಮ್ಮಣ್ಣು ಎಳೆದು, ಅದರ ಮೇಲೆ ಸುಣ್ಣದ ಚುಕ್ಕಿ ಇಟ್ಟರೆ ಅದು ಮನೆಗೆಲಸವೋ ಅಲಂಕಾರವೋ ಯಾರೂ ಬೇರೆ ಮಾಡಲಾರರು. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು, ದೀಪಾವಳಿಗೆ ಸಗಣಿಯ ಪಾಂಡವರು, ಬಾಗಿಲಿಗೆ ದಿನವೂ ರಂಗೋಲಿ. ಎತ್ತು ಕರಗುತ್ತಿತ್ತು, ಪಾಂಡವರು ಒಣಗಿ ಒಲೆಗೆ ಹೋಗುತ್ತಿದ್ದರು, ರಂಗೋಲಿ ಮಧ್ಯಾಹ್ನಕ್ಕೆ ಅಳಿಸುತ್ತಿತ್ತು. ಯಾರೂ “ನಾನು ಮಾಡಿದ್ದು” ಎಂದು ಗಾಜು ಹಾಕಿಸಿ ಇಡುತ್ತಿರಲಿಲ್ಲ. ಸಿಮೆಂಟಿನ ಮನೆ ಬಂದ ಮೇಲೆ ಗೋಡೆ ಹತ್ತು ವರ್ಷಕ್ಕೊಮ್ಮೆ ಬಣ್ಣ ಕಾಣುವ ವಸ್ತುವಾಯಿತು. ಆಗ ಅಂದವನ್ನು ಹೊರಗಿನಿಂದ ತಂದು ನೇತುಹಾಕುವ ರೂಢಿ ಬಂತು. ಅದರಲ್ಲಿ ತಪ್ಪೇನಿಲ್ಲ. ಆದರೆ ನೇತುಹಾಕಿದ್ದು ಉಳಿಯುತ್ತದೆ. ಉಳಿಯುವುದಕ್ಕೆ ಒಡೆಯರು ಬೇಕಾಗುತ್ತಾರೆ, ಒಡೆತನ ಬಂದಲ್ಲಿ ಇದನ್ನು ಮಾಡಿದವರು ಯಾರು ಎಂಬ ಪ್ರಶ್ನೆಯೂ ಬಂದೇ ಬರುತ್ತದೆ.

ನನ್ನ ಸಹೋದ್ಯೋಗಿಯೊಬ್ಬರಿಗೆ ಇದೆಲ್ಲ ಹೇಳಿದಾಗ ಅವರು ಒಪ್ಪಲಿಲ್ಲ. “ಹೊದ್ದು ಹೊದ್ದು ಹರಿದುಹೋಗುವುದಕ್ಕಿಂತ ಗೋಡೆಯ ಮೇಲೆ ಉಳಿಯುವುದೇ ಮೇಲಲ್ಲವೇ? ವಸ್ತು ಸಂಗ್ರಹಾಲಯಗಳು ಇರುವುದೇಕೆ?” ಎಂದರು. ಅವರ ಮಾತು ಸರಿಯೇ. ಆದರೆ ಸಂಗ್ರಹಾಲಯದಲ್ಲಿ ಪ್ರತಿ ವಸ್ತುವಿನ ಕೆಳಗೆ ಒಂದು ಚೀಟಿ ಇರುತ್ತದೆ: ಎಲ್ಲಿಯದು, ಯಾವ ಕಾಲದ್ದು, ಯಾರದು. ನಮ್ಮ ಗೋಡೆಯ ಕೌದಿಗೆ ಚೀಟಿ ಎಂದರೆ ನನ್ನ ನಾಲಗೆ. ಆ ಚೀಟಿಯಲ್ಲಿ ತಪ್ಪು ಹೆಸರಿತ್ತು. ತಪ್ಪು ಗೋಡೆಯದಲ್ಲ, ಚೀಟಿಯದು.

ಆಗ ನನಗೆ ಇನ್ನೊಂದು ಹಳೆಯ ನೆನಪು ಮೇಲೆ ಬಂತು. ಅದನ್ನು ಬರೆಯಲು ನಾಚಿಕೆ, ಬರೆಯದಿದ್ದರೆ ಈ ಲೇಖನ ಬರೆದು ಉಪಯೋಗವಿಲ್ಲ.

ನೌಕರಿಯ ಮೊದಲ ವರ್ಷಗಳಲ್ಲಿ ಸಿರುಗುಪ್ಪದಲ್ಲಿದ್ದೆ. ತುಂಗಭದ್ರೆಯ ಕಾಲುವೆ ನೀರು, ಎತ್ತ ನೋಡಿದರೂ ಭತ್ತ, ಅಕ್ಕಿ ಗಿರಣಿಗಳ ಹೊಗೆ. ಶಾಲೆಯಲ್ಲಿ ವಾರಕ್ಕೆರಡು ಪೀರಿಯಡ್ ಕೈಕೆಲಸ ನನ್ನ ಪಾಲಿಗಿತ್ತು. ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ಕೈಕಸುಬಿನ ಮೂಲಕ ಶಿಕ್ಷಣ ಎಂಬ ವಿಚಾರ ಮುಂದಿಟ್ಟರು. ಕೈಕಸುಬು ಶಿಕ್ಷಣದ ಅಲಂಕಾರವಲ್ಲ, ಶಿಕ್ಷಣವೇ ಅದು ಎಂಬುದು ಅವರ ನಿಲುವು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ “ಸಮಾಜೋಪಯೋಗಿ ಉತ್ಪಾದಕ ಕಾರ್ಯ” ಎಂಬ ಉದ್ದನೆಯ ಹೆಸರು ಕೊಟ್ಟಿತು. ಬಿ.ಎಡ್.ನಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿ ಅಂಕ ತೆಗೆದವಳು ನಾನು. ವರ್ಷದ ಕೊನೆಗೆ ವಸ್ತುಪ್ರದರ್ಶನ. “ಮನೆಯ ಅಲಂಕಾರಕ್ಕೆ ಒಂದು ವಸ್ತು, ಸ್ವಂತ ಕೈಯಿಂದ ಮಾಡಿ ತರಬೇಕು” ಎಂದು ಕರಿಹಲಗೆಯ ಮೇಲೆ ಬರೆದವಳೂ ನಾನೇ.

ಏಳನೇ ತರಗತಿಯ ಒಬ್ಬ ಹುಡುಗಿ ಜೋಳದ ದಂಟಿನ ಬೆಂಡಿನಿಂದ ಒಂದು ಬಂಡಿ ಮಾಡಿ ತಂದಿದ್ದಳು. ಒಣಗಿದ ದಂಟಿನ ಮೇಲಿನ ಸಿಪ್ಪೆಯನ್ನು ಸೀಳಿ ತೆಗೆದರೆ ಒಳಗೆ ಹತ್ತಿಯಷ್ಟು ಹಗುರವಾದ ಬೆಂಡು. ಸೀಳಿದ ಸಿಪ್ಪೆಯೇ ಮೊಳೆ, ಬೆಂಡೇ ಮರ. ಅಂಟು ಬೇಡ, ದಾರ ಬೇಡ. ಆ ಹುಡುಗಿಯ ಬಂಡಿಯ ಗಾಲಿ ತಿರುಗುತ್ತಿತ್ತು. ನೊಗ ಇತ್ತು, ನೊಗಕ್ಕೆ ಎರಡು ಎತ್ತಿದ್ದವು. ಒಂದು ಎತ್ತಿನ ಕಾಲು ಸ್ವಲ್ಪ ಗಿಡ್ಡ. ಇನ್ನೊಬ್ಬ ಹುಡುಗ ಆಳೆತ್ತರದ ಥರ್ಮಾಕೋಲ್ ದೇವಸ್ಥಾನ ತಂದಿದ್ದ. ಒಳಗೆ ಬಣ್ಣದ ದೀಪ. ಅದನ್ನು ಹೊತ್ತು ತಂದವರೇ ಇಬ್ಬರು ಆಳುಗಳು. ಅದನ್ನು ಹುಡುಗ ಮಾಡಿಲ್ಲವೆಂದು ಕಣ್ಣಿದ್ದವರಿಗೆಲ್ಲ ಗೊತ್ತಿತ್ತು. ಮರುದಿನ ಮೇಲಿನವರು ಪ್ರದರ್ಶನ ನೋಡಲು ಬರುವವರಿದ್ದರು. ಬಾಗಿಲಿಗೆ ಎದುರಾಗಿ ಇಡಲು ಚೆನ್ನಾಗಿ ಕಾಣುವಂಥದು ಬೇಕಿತ್ತು. ಮೊದಲ ಬಹುಮಾನ ದೇವಸ್ಥಾನಕ್ಕೆ ಕೊಟ್ಟೆ. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ.

ಆ ಹುಡುಗಿ ಅಳಲಿಲ್ಲ. ಬಂಡಿ ಎತ್ತಿಕೊಂಡು ಹೋಗುವಾಗ ನನ್ನನ್ನು ನೋಡಿ, “ಸ್ವಂತ ಮಾಡಬೇಕು ಅಂದಿದ್ರಿ ಟೀಚರ್” ಎಂದಳು. ದೂರಲ್ಲ, ಎಲ್ಲೋ ತಾನೇ ತಪ್ಪು ಕೇಳಿಸಿಕೊಂಡೆನೇನೋ ಎಂಬ ಅನುಮಾನದ ದನಿ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಕಾರಣ ಬೇರೆ ಇದ್ದಿರಬಹುದು. ಆ ಕಾಲಕ್ಕೆ ಏಳನೆಯದು ಮುಗಿಸಿದ ಎಷ್ಟೋ ಹೆಣ್ಣುಮಕ್ಕಳು ನಾಟಿಗೆ, ಕಳೆಗೆ ಹೋಗುತ್ತಿದ್ದರು. ಆದರೂ ಆ ಮಾತು ನನ್ನೊಳಗೆ ಉಳಿಯಿತು.

ಹಾಗೆ ನೋಡಿದರೆ ಥರ್ಮಾಕೋಲಿಗೆ ಆಮೇಲೆ ಸರ್ಕಾರವೇ ಬುದ್ಧಿ ಕಲಿಸಿತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಮೇಲೆ 2022ರ ಜುಲೈ 1ರಿಂದ ಜಾರಿಯಾದ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಕೂಡ ಇದೆ. ನಾನು ಬಹುಮಾನ ಕೊಟ್ಟ ದೇವಸ್ಥಾನದ ಚೂರುಗಳು ಇಂದಿಗೂ ಯಾವುದೋ ಕಾಲುವೆಯ ಮಣ್ಣಿನಲ್ಲಿ ಹಾಗೇ ಇರಬೇಕು. ಜೋಳದ ಬೆಂಡಿನ ಬಂಡಿ ಆ ವರ್ಷವೇ ಮಣ್ಣಾಗಿರುತ್ತದೆ. ಈಗ ಶಾಲೆಗಳಲ್ಲಿ “ಕಸದಿಂದ ರಸ” ಎನ್ನುತ್ತಾರೆ. ಒಳ್ಳೆಯ ಮಾತು. ಆದರೆ ಐಸ್‌ಕ್ರೀಂ ಕಡ್ಡಿಯನ್ನು ಅಂಗಡಿಯಿಂದ ಕಟ್ಟುಗಟ್ಟಲೆ ಹೊಸದಾಗಿ ಕೊಂಡು ತಂದು ಅದರಿಂದ ಪೆನ್ ಸ್ಟ್ಯಾಂಡ್ ಮಾಡಿ ಮಗುವಿನ ಕೈಯಲ್ಲಿ ಕಳಿಸುತ್ತೇವೆ. ಕಸವೂ ಸುಳ್ಳು, ಕೈಯೂ ಸುಳ್ಳು, ರಸ ಎಲ್ಲಿಂದ ಬರಬೇಕು?

ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಎಲ್ಲವನ್ನೂ ನಾವೇ ಮಾಡಿಕೊಂಡರೆ ಕಸುಬನ್ನೇ ನಂಬಿದ ಹೆಣ್ಣುಮಕ್ಕಳ ಗತಿಯೇನು? ನಮ್ಮ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದದ್ದು. ಕನ್ನಡಿ, ಕವಡೆ, ಬಣ್ಣ ಬಣ್ಣದ ದಾರದ ಆ ಕೆಲಸ ಅವರ ತಾಂಡಾಗಳಲ್ಲಿ ಉಡುಗೆಯಾಗಿತ್ತು, ಈಗ ದೂರದೂರದ ಮನೆಗಳಲ್ಲಿ ದಿಂಬಿನ ಕವಚ, ಗೋಡೆಯ ತೂಗುಪಟ್ಟಿ ಆಗಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20ರ ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಬಂದ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಪತ್ರಿಕೆಯಲ್ಲಿ ಓದಿ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ನಾವು ಜಾತ್ರೆಯ ಮಳಿಗೆಯಲ್ಲಿ ಅದೇ ಕಸೂತಿಯ ಚೀಲ ಹಿಡಿದು, “ಇಷ್ಟಕ್ಕೆ ಇಷ್ಟಾ? ಇದನ್ನ ನಾನೇ ಮನೆಯಲ್ಲಿ ಮಾಡ್ತೀನಿ” ಎಂದು ಕೆಳಗಿಡುತ್ತೇವೆ. ನಾನೂ ಹಾಗೆಂದು ಚೀಲ ಕೆಳಗಿಟ್ಟವಳು.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ದೇಶದ ಮೂಲೆಮೂಲೆ ತಿರುಗಿದರು. ಕುಶಲಕರ್ಮಿಗೆ ಬದುಕುವಷ್ಟು ಬೆಲೆ, ಮರ್ಯಾದೆ ಸಿಗಬೇಕೆಂಬುದೇ ಅವರ ದುಡಿಮೆಯ ತಿರುಳು. ನಮ್ಮಲ್ಲಿ ಬೆಲೆಯೂ ಮರ್ಯಾದೆಯೂ ಒಟ್ಟಿಗೆ ಹೋಗುವುದಿಲ್ಲ. ಮರ್ಯಾದೆಯನ್ನು ಭಾಷಣದಲ್ಲಿ ಕೊಡುತ್ತೇವೆ, ಬೆಲೆಯನ್ನು ಮಳಿಗೆಯಲ್ಲಿ ಹಿಡಿಯುತ್ತೇವೆ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲಿ ಮಾಡುವುದನ್ನು ಬಿಡಬೇಕೇ? ಎಲ್ಲವನ್ನೂ ಕೊಳ್ಳಬೇಕೇ? ಉತ್ತರ ನನಗೆ ಪುಸ್ತಕದಿಂದ ಸಿಗಲಿಲ್ಲ. ದೊಡ್ಡವ್ವನಿಂದ ಸಿಕ್ಕಿತು.

ಅವಳು ಊರಿಗೆ ಹೋಗುವ ಮುನ್ನ, “ಅಷ್ಟು ಹೊಟ್ಟ್ಯಾಗ ಹಾಕ್ಕೊಂಡಿದ್ರ ನೀನೇ ಒಂದು ಹೊಲದು ನೋಡು” ಎಂದಳು. ನಾನು ಗೋಡೆಯ ಕೌದಿ ಇಳಿಸಿದೆ. ಅವಳೇ ನೆಲದ ಮೇಲೆ ಹಳೆ ಸೀರೆ ಹಾಸಿ, ಸುಕ್ಕು ತೆಗೆದು, ಮೇಲೆ ತುಂಡುಗಳನ್ನು ಜೋಡಿಸಿ, ದೊಡ್ಡ ಟಾಕು ಹಾಕಿ ಹಿಡಿಸಿಕೊಟ್ಟಳು. ಸಣ್ಣದು, ಮೊಮ್ಮಗುವಿನ ಅಳತೆಯದು: ಮೂರಡಿ ಅಗಲ, ನಾಲ್ಕಡಿ ಉದ್ದ. ಬೇಸಿಗೆ ರಜೆಯಲ್ಲಿ ಮುಗಿಯುತ್ತದೆ ಎಂದುಕೊಂಡೆ. ಐದು ಪದರದ ಬಟ್ಟೆಯಲ್ಲಿ ಸೂಜಿ ತೂರಿಸಿ ನೋಡಿ, ಆಗ ತಿಳಿಯುತ್ತದೆ. ಹೆಬ್ಬೆರಳು ತೂತಾಯಿತು. ಕುತ್ತಿಗೆ ಹಿಡಿಯಿತು. ಒಂದು ತಾಸಿಗೆ ಎರಡು ಗೇಣು ದಾಟಿದರೆ ದೊಡ್ಡದು. ಕನ್ನಡಕ ಇಟ್ಟುಕೊಂಡು, ಫ್ಯಾನಿನ ಕೆಳಗೆ, ಒಲೆಯ ಚಿಂತೆಯಿಲ್ಲದೆ ಕುಳಿತ ನನಗೇ ಹೀಗಾದರೆ, ಪರರ ಪಡಸಾಲೆಯಲ್ಲಿ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಹೊಲಿದವಳಿಗೆ ಹೇಗಾಗಿರಬೇಕು?

ರಜೆ ಮುಗಿಯಿತು, ಕೌದಿ ಮುಗಿಯಲಿಲ್ಲ. ಶಾಲೆಯಿಂದ ಬಂದು ಸಂಜೆ ಹೊತ್ತು ಹೊಲಿಯುತ್ತಿದ್ದೆ. ಒಂದು ದಿನ ಕರೆಂಟು ಹೋಯಿತು. ಕಿಟಕಿಯ ಬೆಳಕಿನಲ್ಲೇ ಇನ್ನೊಂದು ಸಾಲು ಮುಗಿಸೋಣವೆಂದು ಕೈ ಓಡಿಸಿದೆ. ಮರುದಿನ ನೋಡಿದರೆ ಆ ಸಾಲಿನಲ್ಲಿ ಹೊಲಿಗೆ ದೂರ ದೂರ ಬಿದ್ದಿತ್ತು. ಅದೇ ಅಳತೆ. ಒಂದು ಗೆಣ್ಣಿನಷ್ಟು. ನಾನು ಅದನ್ನು ಬಿಚ್ಚಲಿಲ್ಲ. ಹರಿಯುವ ನೀರು ಎಂದೂ ಕರೆಯಲಿಲ್ಲ.

ಆಮೇಲೆ ಒಂದು ಬದಲಾವಣೆ ನನ್ನಲ್ಲಿ ತಾನಾಗಿ ಆಯಿತು. ಹೋದ ತಿಂಗಳು ಅದೇ ಲಂಬಾಣಿ ಕಸೂತಿಯ ಚೀಲ ನೋಡಿದಾಗ ಬಾಯಿಗೆ ಚೌಕಾಸಿಯ ಮಾತು ಬರಲಿಲ್ಲ. ಕಣ್ಣು ತಾನೇ ಹೊಲಿಗೆ ಎಣಿಸಿತು, ಹೆಬ್ಬೆರಳು ತಾನೇ ನೋವನ್ನು ನೆನೆಯಿತು. ಕೇಳಿದಷ್ಟು ಕೊಟ್ಟು ತಂದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಉಳಿಯುವ ಚಿಂದಿಯನ್ನು ತಂದು ನಾನು ಕಾಲೊರಸು, ಗೋಡೆಗೆ ಕಾಗದ ಪತ್ರ ಇಡುವ ಜೇಬುಪಟ್ಟಿ ಮಾಡುತ್ತಿರುತ್ತೇನೆ. ಮೊದಲು ಚಿಂದಿ ಎಂದರೆ ನನಗೆ ಪುಕ್ಕಟೆ ಸಿಕ್ಕ ಬಟ್ಟೆ ಮಾತ್ರ. ಈಗ ಅದರ ಅಂಚಿನ ಹೊಲಿಗೆ ನೋಡಿದರೆ ಅದರ ಹಿಂದೆ ಮೆಷಿನ್ ತುಳಿದವರು, ಎಳೆ ಕತ್ತರಿಸಿದವರು, ಗುಂಡಿ ಹಾಕಿದವರು ಕಾಣುತ್ತಾರೆ.

ನನಗೆ ತೋಚಿದ ಉತ್ತರ ಇಷ್ಟೇ. ಮನೆಯಲ್ಲಿ ಕೈಯಾರೆ ಏನಾದರೂ ಮಾಡುವುದು ಒಳ್ಳೆಯದು. ದುಡ್ಡು ಉಳಿಯುತ್ತದೆ ಎಂದಲ್ಲ, ಬಂದವರು ಹೊಗಳುತ್ತಾರೆ ಎಂದೂ ಅಲ್ಲ. ಮಾಡಿ ನೋಡಿದವರಿಗೆ ಮಾಡುವವರ ಕಷ್ಟ ತಿಳಿಯುತ್ತದೆ. ನಾವು ಮಾಡಿದ ಒಂದು ವಸ್ತು ನಾವು ಮಾಡದ ನೂರು ವಸ್ತುಗಳ ಬೆಲೆಯನ್ನು ಕಲಿಸುತ್ತದೆ. ಕಲಿಸದಿದ್ದರೆ ಆ ಕೈಕೆಲಸ ಬರೀ ಹೊತ್ತು ಕಳೆಯುವುದು. “ನಾನೇ ಮಾಡಿದ್ದು” ಎಂಬ ಮಾತಿಗೆ ಬೆಲೆ ಬರಬೇಕಾದರೆ “ಇದು ನಾನು ಮಾಡಿದ್ದಲ್ಲ, ಇಂಥವರು ಮಾಡಿದ್ದು” ಎಂದು ಹೇಳುವ ಅಭ್ಯಾಸವೂ ಅದೇ ಬಾಯಿಗೆ ಇರಬೇಕು. ಈಗ ಶಾಲೆಯ ಪ್ರದರ್ಶನದಲ್ಲಿ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: “ಇದರಲ್ಲಿ ಯಾರು ಯಾರು ಕೈ ಹಾಕಿದ್ದಾರೆ, ಬರೆದು ತಾ.” ಅವ್ವ ಅಂಟು ಹಚ್ಚಿದಳು, ಅಣ್ಣ ಕತ್ತರಿಸಿದ, ಬಾಲ ನಾನು ಮಾಡಿದೆ ಎಂದು ಬರೆದು ತರುತ್ತಾರೆ. ಬಾಲ ಮಾಡಿದ್ದಕ್ಕೇ ಅಂಕ ಕೊಡುತ್ತೇನೆ. ಜೋಳದ ಬಂಡಿಯ ಹುಡುಗಿಗೆ ಇದರಿಂದ ಏನೂ ಆಗುವುದಿಲ್ಲ, ಅದು ನನಗೆ ಗೊತ್ತು. ಅವಳಿಗೀಗ ನಲವತ್ತು ದಾಟಿರಬೇಕು.

ಅವ್ವನ ಕೌದಿಯನ್ನು ಮತ್ತೆ ಗೋಡೆಗೆ ಹಾಕಲಿಲ್ಲ. ಹಿಂಬದಿಯಲ್ಲಿ, ನಾನು ಕೊಳವೆ ಹೊಲಿದಿದ್ದ ಜಾಗದಲ್ಲಿ, ಒಂದು ಬಿಳಿ ಬಟ್ಟೆಯ ತುಂಡು ಕೂರಿಸಿ ಕೆಂಪು ದಾರದಲ್ಲಿ ಅಕ್ಷರ ಹೊಲಿದೆ. “ಅರಿವೆ ಅವ್ವನದು, ಅಪ್ಪನದು. ಹೊಲಿಗೆ ಹಗರಿ ಆಚೆಯ ತಾಯಿಯದು. ಹೆಸರು ಕೇಳಿಟ್ಟುಕೊಳ್ಳಲಿಲ್ಲ. 1969.” ಹೆಸರು ಸಿಗದ ಮೇಲೆ ಅಷ್ಟಾದರೂ ಇರಲಿ ಎಂದು. ಅರ್ಧ ಸೇರು ಜೋಳದ ಲೆಕ್ಕ ಅಕ್ಷರದಲ್ಲಿ ತೀರುವಂಥದಲ್ಲ.

ಹಜಾರದ ಗೋಡೆಯಲ್ಲಿ ಎರಡು ಮೊಳೆ ಹಾಗೇ ಇವೆ. ನಡುವೆ ಸುಣ್ಣದ ಬಣ್ಣ ತುಸು ಗಾಢವಾಗಿ ಉಳಿದಿದೆ. ಬಂದವರು ಈಗಲೂ ಆ ಕಡೆ ನೋಡಿ, “ಇಲ್ಲೇನೋ ಇತ್ತಲ್ಲಾ?” ಎನ್ನುತ್ತಾರೆ. ಹೌದು, ಒಂದು ಕೌದಿ ಇತ್ತು ಎನ್ನುತ್ತೇನೆ. ಎಲ್ಲಿ ಹೋಯಿತು ಎಂದರೆ ಒಳಕೋಣೆ ತೋರಿಸುತ್ತೇನೆ. ದೊಡ್ಡವ್ವ ಬಂದಾಗ ಅವಳು ಹೊದೆಯುತ್ತಾಳೆ, ಉಳಿದ ದಿನ ನಾನು. ಕೆಳಗಿನ ಎಡ ಮೂಲೆಯಲ್ಲಿ ಹೊಲಿಗೆ ಬಿಡಿಯಾಗಿರುವಲ್ಲಿ ಸ್ವಲ್ಪ ಗಾಳಿ ಬರುತ್ತದೆ. ಕಾಲು ಆ ಕಡೆ ಮಾಡಿ ಮಲಗುತ್ತೇನೆ.